ಬಿಸಿಲಿಗೆ ಹಾಕಿದ ಹಿಂಡಿ

ಬೇಕರಿಯ ಮುಂದೆ ಹಾದುಹೋಗಬೇಕಾಗಿ ಬಂದರೆ ನಾನು ಈಗಲೂ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತೇನೆ. ಮನೆಯಲ್ಲಿ ನಗುತ್ತಾರೆ, ಬನ್ನು ಬ್ರೆಡ್ಡು ನಿಮಗೇನು ಮಾಡಿದವು ಎಂದು. ಬನ್ನಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಹಿಟ್ಟು ಉಬ್ಬಲೆಂದು ಹಾಕುವ ಈಸ್ಟಿನ ಹುಳಿ ವಾಸನೆ ಮೂಗಿಗೆ ಬಡಿದರೆ ಸಾಕು, ಅಕ್ಕನ ಮೀನಿನ ಗುಂಡಿ ಕಣ್ಣಮುಂದೆ ಬರುತ್ತದೆ. ಅದರ ಏರಿಯ ಮೇಲೆ ಗೋಣಿಚೀಲ ಹಾಸಿ, ಹಿಂಡಿ ಒಣಹಾಕಿ, ಸೊಂಟದ ಮೇಲೆ ಕೈಯಿಟ್ಟು ನಿಂತ ನಾನೂ ಕಾಣುತ್ತೇನೆ. ಆ ಹೊತ್ತಿನ ಊಟ ಆಮೇಲೆ ಸೇರುವುದಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನನಗೊಂದು ಸರ್ಕಾರಿ ಕೆಲಸ ಸಿಕ್ಕಿತ್ತು. ಕೆಲಸವೆಂದರೆ ಮೀನು ಸಾಕಿ, ಮೀನು ಸಾಕಿ ಎಂದು ರೈತರ ಬೆನ್ನು ಹತ್ತುವುದು. ತರೀಕೆರೆಯಲ್ಲಿ ಒಂದು ಬಾಡಿಗೆ ಕೋಣೆ, ಒಂದು ಹಳೇ ಸೈಕಲ್ಲು, ಉಳಿದದ್ದೆಲ್ಲ ಬಸ್ಸು. ವಾರಕ್ಕೊಮ್ಮೆ ಕಡೂರು, ವಾರಕ್ಕೊಮ್ಮೆ ಅಜ್ಜಂಪುರ, ನಡುವೆ ಎಲ್ಲಿ ಒಂದು ಕಟ್ಟೆ, ಒಂದು ಹೊಂಡ ಇದೆ ಎಂದು ಕೇಳಿದರೂ ಅಲ್ಲಿಗೆ. ಯಗಟಿ ಕಡೆ ಹೋದರೆ ಕುರಿ ಕಾಯುವವರು ಕೋಲಿಗೆ ಗದ್ದ ಊರಿ ನಿಂತು, "ಏನಪ್ಪಾ, ನಮ್ ಕುರೀಗೇ ಕುಡಿಯಕ್ಕೆ ನೀರಿಲ್ಲ, ನೀನು ಮೀನು ಬಿಡಿ ಅಂತೀಯಲ್ಲ, ಎಲ್ಲಿ ಬಿಡಾನ, ಕಂಬಳಿ ಮ್ಯಾಲಾ?" ಎಂದು ಕಾಲೆಳೆಯುತ್ತಿದ್ದರು. ಲಿಂಗದಹಳ್ಳಿ ಕಡೆಯವರಿಗೆ ನೀರಿತ್ತು, ನನ್ನ ಮಾತು ಕೇಳುವ ಪುರುಸೊತ್ತು ಇರಲಿಲ್ಲ. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ನಾಲ್ಕಕ್ಷರ ಕಲಿತಿದ್ದೇನೆ ಎಂಬ ಕೊಬ್ಬು ಬೇರೆ. ಹೇಳಿದ್ದನ್ನು ಕೇಳದವರನ್ನು ಅವರದೇ ಜಗಲಿಯ ಮೇಲೆ ಕೂತು, ಅವರು ಕೊಟ್ಟ ಕಾಫಿ ಕುಡಿದು, ಬೈದು ಬಂದದ್ದುಂಟು. ಅಪ್ಪನ ವಯಸ್ಸಿನವರನ್ನೂ ಬಿಟ್ಟಿರಲಿಲ್ಲ.

ಅಕ್ಕ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಅವ್ವ ತೀರಿಕೊಂಡಾಗ ನನಗೆ ನಾಲ್ಕು ತುಂಬಿತ್ತಷ್ಟೆ. ತಲೆಗೆ ಎಣ್ಣೆ ಒತ್ತಿದವಳು, ಮುದ್ದೆ ಮುರಿದು ಬಾಯಿಗಿಟ್ಟವಳು, ಶಾಲೆಗೆ ಹೋಗಲ್ಲ ಎಂದು ಕಂಬ ಹಿಡಿದುಕೊಂಡಾಗ ಕುಂಡಿಗೆ ಎರಡು ಬಿಟ್ಟು ಎಳೆದುಕೊಂಡು ಹೋದವಳು, ಎಲ್ಲ ಅವಳೇ. ಅವಳು ಮಾತ್ರ ಶಾಲೆಯ ಬಾಗಿಲು ದಾಟಿ ಒಳಗೆ ಬಂದವಳಲ್ಲ. ನನ್ನನ್ನು ಒಳಗೆ ನೂಕಿ ಹೊಲಕ್ಕೆ ಹೋಗಿಬಿಡುತ್ತಿದ್ದಳು. ನಾನು ಓದಿದ್ದು ಅವಳ ಕೈಯ ಏಟಿನಿಂದ, ಅದರಲ್ಲಿ ಎರಡು ಮಾತಿಲ್ಲ.

ಅವಳನ್ನು ಕೊಟ್ಟದ್ದು ಬುಕ್ಕಾಂಬುಧಿ ಕೆರೆಯ ಆಚೆ, ಎರಡು ಮೈಲಿ ನಡೆದರೆ ಸಿಗುವ ಒಂದು ಸಣ್ಣ ಹಳ್ಳಿಗೆ. ತೆಂಗಿನ ತೋಟ, ಒಂದಿಷ್ಟು ಬೆದ್ದಲು ಹೊಲ, ಊಟಕ್ಕೆ ಕೊರತೆಯಿಲ್ಲದ ಮನೆ. ಮಕ್ಕಳಾಗಲಿಲ್ಲ. ಭಾವನಿಗೆ ಕಾಮಾಲೆಯಾಯಿತು, ಸೊಪ್ಪಿನ ಔಷಧಿ ಕುಡಿಸಿದರು, ಪಥ್ಯ ಮಾಡಿಸಿದರು, ಮೂರನೇ ವಾರಕ್ಕೆ ಹೋದರು. ಮನೆಯಲ್ಲಿ ಉಳಿದದ್ದು ಅವಳು, ಅವಳ ಮೈದುನ, ಅವನ ಹೆಂಡತಿ ಮಕ್ಕಳು. ಅವನನ್ನೂ ನಾನು ಭಾವ ಎಂದೇ ಕರೆಯುತ್ತಿದ್ದೆ. ಮೈದುನ ಕೆಟ್ಟವನೇನಲ್ಲ. ಅತ್ತಿಗೆಯನ್ನು ಏಕವಚನದಲ್ಲಿ ಕರೆದವನಲ್ಲ. ಆದರೆ ಅವನ ಹೆಂಡತಿಯ ಬಾಯಿ ಜೋರು, ಉಪ್ಪು ಹೆಚ್ಚಾಯಿತು, ಸೌದೆ ಹೆಚ್ಚು ಉರಿಯಿತು ಎಂದು ದಿನಕ್ಕೊಂದು ತೆಗೆಯುತ್ತಿದ್ದಳು. ವರ್ಷ ತುಂಬುವುದರೊಳಗೆ ಅಕ್ಕ ಹಿತ್ತಲಿನ ದನದ ಕೊಟ್ಟಿಗೆಯ ಒಂದು ಮೂಲೆಗೆ ಗೋಡೆ ಎಬ್ಬಿಸಿ, ತನ್ನ ಕೈಯಾರೆ ಮಣ್ಣು ಕಲಸಿ, ಅಲ್ಲೊಂದು ಒಲೆ ಹಾಕಿಕೊಂಡಳು.

"ಲೇ, ಇನ್ನೊಬ್ಬಳ ಒಲೆ ಮುಂದೆ ಕೂತು ಉರಿ ಊದಿಕೊಂಡು ಅವಳು ಹಾಕಿದ್ದು ತಿನ್ನೋದಕ್ಕಿಂತ, ನನ್ ಒಲೇಲಿ ಗಂಜಿ ಕಾಯ್ಸ್ಕಂಡು ಕುಡಿಯೋದು ವಾಸಿ ಕಣೋ," ಎಂದಿದ್ದಳು ನನ್ನ ಹತ್ತಿರ. "ಅದೊಂದು ನಂಗೆ ಉಳಿದ್ರೆ ಸಾಕು." ಅವಳು ಜೀವನದಲ್ಲಿ ಇಷ್ಟೇ ಕೇಳಿದ್ದು, ಬೇರೆ ಏನನ್ನೂ ಕೇಳಿದ್ದು ನನಗೆ ನೆನಪಿಲ್ಲ.

ಒಲೆಯೇನೋ ಆಯಿತು, ಅದರ ಮೇಲೆ ಇಡುವುದಕ್ಕೆ ಬೇಕಲ್ಲ. ತೋಟದ ಒಂದು ಮೂಲೆಯಲ್ಲಿ ಹಿಂದೆ ಇಟ್ಟಿಗೆ ಕೊಯ್ಯಲು ಮಣ್ಣು ತೆಗೆದ ದೊಡ್ಡ ಗುಂಡಿಯೊಂದಿತ್ತು. ಕೆರೆಯ ಜೌಗು ನೀರು ಕಾಲುವೆಯಲ್ಲಿ ಬಂದು ಅದರಲ್ಲಿ ನಿಲ್ಲುತ್ತಿತ್ತು, ಯುಗಾದಿಯವರೆಗೂ ಆರುತ್ತಿರಲಿಲ್ಲ. ಮೈದುನ ಅದಕ್ಕೆ ಕೆರೆಯ ಗೋಡು ಮಣ್ಣು ತುಂಬಿಸಿ ತೆಂಗಿನ ಸಸಿ ಇಡುವ ಲೆಕ್ಕಾಚಾರದಲ್ಲಿದ್ದ. ನಾನು ಹೋಗಿ, ಅದರಲ್ಲಿ ಮೀನು ಸಾಕಬಹುದು, ಗುಂಡಿಯನ್ನು ಅಕ್ಕನಿಗೆ ಬಿಟ್ಟುಕೊಡಿ ಎಂದೆ. ಊರಿನ ಇಬ್ಬರು ಹಿರಿಯರನ್ನು ಕರೆಸಿ ಜಗಲಿಯ ಮೇಲೆ ಮಾತಾಯಿತು.

"ಮೀನು ಗೀನು ಎಲ್ಲ ಎಲ್ಲಾಯ್ತದೆ ಮಾರಾಯ," ಎಂದ ಮೈದುನ. "ಅತ್ಗೆಗೆ ಯಾಕೆ ಈ ವಯಸ್ನಲ್ಲಿ ಕೆಸರು ತುಳಿಯೋ ಕರ್ಮ? ನಮ್ ಜೊತೇಲೇ ಉಣ್ಲಿ. ನಾವೇನು ಬ್ಯಾಡ ಅಂದಿದ್ದೀವಾ?"

ಅಕ್ಕ ಬಾಗಿಲ ಹಿಂದೆ ನಿಂತಿದ್ದಳು. ನಾನೇ ಎದ್ದು ನಿಂತೆ. "ಎರಡು ವರ್ಷ ನೋಡಿ ಭಾವ. ಎರಡು ಸಲ ಮೀನು ಕೈಗೆ ಬಂದ್ರೆ ಗುಂಡಿ ಅಕ್ಕಂದು. ಬರ್ಲಿಲ್ಲ ಅಂದ್ರೆ ಮುಚ್ಚಿಸಿ ತೆಂಗು ಇಡಿ, ಅಕ್ಕನೂ ನಿಮ್ ಒಲೆಗೇ ಬರ್ತಾಳೆ. ನಾನು ಜಾಮೀನು." ಹಿರಿಯರು ತಲೆಯಾಡಿಸಿದರು, ಎಲೆಅಡಿಕೆ ಹಾಕಿಕೊಂಡು ಎದ್ದರು. ಹಳ್ಳಿಯಲ್ಲಿ ಮಾತು ಎಂದರೆ ಅಷ್ಟೇ, ಕಾಗದ ಪತ್ರ ಏನೂ ಇಲ್ಲ.

ಮೊದಲ ವರ್ಷ ದೇವರು ಕಣ್ಣುಬಿಟ್ಟಿದ್ದ. ಕಾಟ್ಲ, ರೋಹು, ಸಾಮಾನ್ಯ ಗೆಂಡೆ, ಮೂರೂ ಜಾತಿಯ ಮರಿ ತಂದು ನಾನೇ ಬಿಟ್ಟೆ. ತೌಡಿನ ಜೊತೆ ಕಡಲೆಕಾಯಿ ಹಿಂಡಿ ನೆನೆಹಾಕಿ ಉಂಡೆ ಕಟ್ಟಿ ಕೊಡುವುದನ್ನು ತೋರಿಸಿದೆ. ಅಕ್ಕ ಹಳೆಯ ಮೊರವೊಂದಕ್ಕೆ ನಾಲ್ಕು ಮೂಲೆಯಲ್ಲಿ ಹಗ್ಗ ಕಟ್ಟಿ ಅದರಲ್ಲಿ ಉಂಡೆಗಳನ್ನು ಇಟ್ಟು ನೀರಿಗೆ ಇಳಿಬಿಡುತ್ತಿದ್ದಳು. ಇಳಿಬಿಡುವ ಮುಂಚೆ ಕಲ್ಲಿನ ಮೇಲೆ ಕಂಚಿನ ಲೋಟದಿಂದ ಮೂರು ಸಲ ಬಡಿಯುತ್ತಿದ್ದಳು. ಹದಿನೈದು ದಿನದಲ್ಲಿ ಮೀನುಗಳಿಗೆ ಅಭ್ಯಾಸವಾಗಿ, ಲೋಟದ ಸದ್ದಿಗೇ ನೀರು ಕುದಿಯುವ ಹಾಗೆ ಮೇಲೇಳುತ್ತಿದ್ದವು. "ನೋಡೋ, ಬಂದ್ವು ನನ್ ಗಂಡು ಮಕ್ಳು, ಹೊಟ್ಟೆಬಾಕ್ರು!" ಎಂದು ನಗುತ್ತಿದ್ದಳು. ಭಾವ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ಕಂಡದ್ದು ಆ ಏರಿಯ ಮೇಲೇ. ಬೇಸಿಗೆಯಲ್ಲಿ ಬಲೆ ಹಾಕಿಸಿದಾಗ ಅಜ್ಜಂಪುರದಿಂದೆಲ್ಲ ಚೀಲ ಹಿಡಿದು ಜನ ಬಂದರು. ಮೀನು ತಿನ್ನುವ ಮನೆಯೇ ನಮ್ಮದು, ಆದರೂ ಅವಳು ತನ್ನ ಗುಂಡಿಯ ಒಂದು ಮೀನನ್ನೂ ಬಾಯಿಗಿಡಲಿಲ್ಲ. ಆ ವರ್ಷವೆಲ್ಲ ಅವಳ ಒಲೆ ಆರಲಿಲ್ಲ, ಯಾರ ಮುಂದೆಯೂ ಕೈಚಾಚಲಿಲ್ಲ.

ಎರಡನೆಯ ವರ್ಷದ ಮಳೆಗಾಲಕ್ಕೆ ಮೊದಲು ನಾನೇ ಕಡೂರಿನ ಎಣ್ಣೆ ಮಿಲ್ಲಿನಿಂದ ಎರಡು ಮೂಟೆ ಹಿಂಡಿ ಕೊಂಡು, ಬಸ್ಸಿನ ಮೇಲೆ ಹಾಕಿಸಿ, ಗಾಡಿ ಹಿಡಿದು ಅಕ್ಕನ ಕೊಟ್ಟಿಗೆಗೆ ತಂದು ಹಾಕಿದೆ. ಮಳೆ ಹಿಡಿದರೆ ಆ ದಾರಿಯಲ್ಲಿ ಗಾಡಿ ಹೂತುಕೊಳ್ಳುತ್ತದೆ, ಒಂದೇ ಸಲ ತಂದಿಟ್ಟರೆ ನಿಶ್ಚಿಂತೆ ಎನ್ನುವ ಬುದ್ಧಿವಂತಿಕೆ ನನ್ನದು. ಒಂದು ಮೂಟೆ ಮಳೆಗಾಲದಲ್ಲೇ ಮುಗಿಯಿತು. ಇನ್ನೊಂದು, ಹೆಂಚು ಸೋರುವ ಮೂಲೆಯಲ್ಲಿ, ನಾಲ್ಕು ತಿಂಗಳು ಹಾಗೇ ಕೂತಿತ್ತು.

ದೀಪಾವಳಿ ಕಳೆದು ಚಳಿ ಹತ್ತಿತು. ಆ ಹೊತ್ತಿಗೆ ನನ್ನನ್ನು ಬೇರೆ ಊರಿನ ಒಂದು ತರಬೇತಿಗೆ ಕಳಿಸಿದ್ದರು. ಅಲ್ಲಿ ಪಾಠ ಮಾಡಿದ ಮೇಷ್ಟ್ರು ಒಬ್ಬರು, ರೋಗ ಬಂದ ಮೇಲೆ ನೀರಿಗೆ ಸುಣ್ಣ ಸುರಿದು ಒದ್ದಾಡಿದರೆ ಏನೂ ಸಿಗುವುದಿಲ್ಲ, ರೋಗ ಬರುವ ಮುಂಚೆಯೇ ತಿನ್ನುವ ಆಹಾರದಲ್ಲಿ ಕಸುವು ಬೆರೆಸಿ ಮೀನಿನ ಮೈಯನ್ನು ಗಟ್ಟಿಮಾಡಬೇಕು ಎಂದರು. ಕೋಳಿಗೆ ಕೊಡುವ ವಿಟಮಿನ್ ಪುಡಿ, ಬೇಕರಿಯ ಈಸ್ಟು, ಇವನ್ನು ಸ್ವಲ್ಪ ಸ್ವಲ್ಪ ಬೆರೆಸಿ ನೋಡಿ ಎಂದರು. ಇಷ್ಟು ವರ್ಷ ಗೊಬ್ಬರ, ನೀರು, ಮರಿ ಎಂದು ಒದರುತ್ತಿದ್ದ ನನಗೆ ಮೀನಿನ ಮೈಯೊಳಗೆ ಕೈಹಾಕುವ ವಿದ್ಯೆ ಸಿಕ್ಕಿದಂತಾಯಿತು. ನಾನು ಅವರ ಮಾತನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡೆ. ಅದೇ ಪಾಠದಲ್ಲಿ ಹಿಂಡಿಯನ್ನು ಹೇಗೆ ಇಟ್ಟುಕೊಳ್ಳಬೇಕು ಎಂದೂ ಏನೋ ಹೇಳಿದ್ದರು. ಹಿಂಡಿ ನನಗೆ ಗೊತ್ತಿಲ್ಲವೇ ಎಂದು ಅದನ್ನು ಬರೆದುಕೊಂಡಿರಲಿಲ್ಲ.

ತಿರುಗಿ ಬಂದವನೇ ತರೀಕೆರೆಯ ಬೇಕರಿಗೆ ಹೋಗಿ ಈಸ್ಟು ಕೇಳಿದೆ. "ಮೀನಿಗೆ ಬನ್ನು ಸುಟ್ಟು ಹಾಕ್ತೀರೇನ್ರೀ ಸಾರ್?" ಎಂದು ಬೇಕರಿಯವನು ಹಲ್ಲು ಬಿಟ್ಟ. ಅವನನ್ನೂ ಗದರಿದೆ. ಕಡೂರಿನಲ್ಲಿ ಕೋಳಿ ಆಹಾರ ಮಾರುವ ಅಂಗಡಿಯಿಂದ ವಿಟಮಿನ್ ಪುಡಿ ತಂದೆ. ಎರಡನ್ನೂ ಚೀಲದಲ್ಲಿ ಹಾಕಿಕೊಂಡು, ಬೇರೆ ಯಾವ ರೈತನ ಹೊಂಡಕ್ಕೂ ಹೋಗದೆ ನೇರ ಅಕ್ಕನ ಊರಿಗೆ ನಡೆದೆ. ಮೊದಲು ನಮ್ಮವಳ ಮೀನು ಗಟ್ಟಿಯಾಗಲಿ ಎನ್ನುವ ಆಸೆ.

ಹೋಗಿ ನೋಡಿದರೆ ಏರಿಯ ಮೇಲೆ ಅಕ್ಕ ಸಪ್ಪಗೆ ಕೂತಿದ್ದಾಳೆ. ಮೀನಿಗೆ ರೋಗ ಬಂದುಬಿಟ್ಟಿತ್ತು. ಚಳಿ ಶುರುವಾದ ವಾರದಲ್ಲೇ ಗೆಂಡೆಗಳ ಮೈಮೇಲೆ ಕೆಂಪು ಚುಕ್ಕೆ ಕಂಡವಂತೆ, ಆಮೇಲೆ ಹುರುಪೆ ಉದುರಿ ಹುಣ್ಣಾಯಿತಂತೆ, ಹತ್ತಾರು ಮೀನು ಸತ್ತು ತೇಲಿದವಂತೆ. ಅವಳ ಪಕ್ಕದಲ್ಲಿ ಮೊರ ಇತ್ತು. ಅದರ ತುಂಬ ಹಳದಿ ಬಣ್ಣದ ಸಣ್ಣ ಸಣ್ಣ ಉಂಡೆ.

"ಏನಕ್ಕಾ ಇದು?"

"ರಾಗಿ ಹಿಟ್ಟು ತೊಳಸಿ ಅರಿಶಿನ, ಬೆಳ್ಳುಳ್ಳಿ ಅರೆದು ಹಾಕಿದ್ದೀನಿ. ಒಂಚೂರು ಬೇವಿನ ಚಿಗುರು."

"ಹಿಂಡಿ ಎಲ್ಲಿ?"

"ಹಿಂಡಿ ನಿಲ್ಲಿಸ್ಬಿಟ್ಟೆ ಕಣೋ. ಮೈಮೇಲೆ ಹುಣ್ಣೆದ್ದಾಗ ಯಾರಾದ್ರೂ ಕಡ್ಲೆಕಾಯಿ ತಿನ್ನಿಸ್ತಾರಾ? ನಂಜು."

ನಮ್ಮ ಕಡೆ ಯಾವ ಮನೆಗೆ ಹೋದರೂ ಇದೇ ಮಾತು. ಗಾಯವಾಗಲಿ, ಹುಣ್ಣಾಗಲಿ, ಕಡಲೆಕಾಯಿ, ಬದನೆಕಾಯಿ ಮುಟ್ಟಕೂಡದು, ಅವು ನಂಜು, ಕೀವು ತುಂಬುತ್ತದೆ ಎನ್ನುತ್ತಾರೆ. ನಾನೂ ಮಂಡಿ ಒಡೆದುಕೊಂಡಾಗಲೆಲ್ಲ ಈ ಪಥ್ಯದಲ್ಲೇ ಬೆಳೆದವನು. ಆದರೆ ಮೀನಿಗೆ ಪಥ್ಯ! ನನಗೆ ಮೈ ಉರಿದುಹೋಯಿತು.

"ನಿನಗೇನು ತಲೆ ಕೆಟ್ಟಿದೆಯಾ? ಮೀನಿಗೆ ನಂಜು ಅಂತೆ, ಮುದ್ದೆ ಅಂತೆ! ಬಾಣಂತಿ ಕೋಣೆ ಮಾಡ್ಕಂಡಿದ್ದೀಯೇನು ಇದನ್ನ? ರೋಗ ಬಂದಾಗಲೇ ಮೀನಿಗೆ ಕಸುವು ಬೇಕು. ಕಸುವಿರೋದು ಹಿಂಡೀಲಿ. ನೀನು ಅದನ್ನೇ ನಿಲ್ಲಿಸಿ ಉಪವಾಸ ಕೆಡವಿದ್ದೀಯ!"

"ಉಪವಾಸ ಎಲ್ಲಿ ಕೆಡವಿದ್ದೀನೋ," ಎಂದಳು ಮೆತ್ತಗೆ. "ಇದನ್ನ ಹಾಕಕ್ಕೆ ಶುರು ಮಾಡಿ ಐದು ದಿನ ಆಯ್ತು. ಮೂರು ದಿನದಿಂದ ಒಂದೂ ತೇಲಿಲ್ಲ, ನೋಡು ಬೇಕಾದ್ರೆ."

ನಾನು ನೋಡಲಿಲ್ಲ. ನೀರಿನ ಕಡೆ ಕಣ್ಣು ಹಾಯಿಸಿದ್ದರೆ, ಒಂದು ಸಲ ಕಂಚಿನ ಲೋಟ ಬಡಿ ಎಂದಿದ್ದರೆ, ಮೀನುಗಳು ಹೇಗಿವೆ ಎಂದು ಗೊತ್ತಾಗುತ್ತಿತ್ತು. ನಾನು ಮೊರವನ್ನು ಕಾಲಿನಿಂದ ಸರಿಸಿ ಕೊಟ್ಟಿಗೆಗೆ ಹೋದೆ.

ಮೂಟೆಯ ಬಾಯಿ ಬಿಚ್ಚಿದರೆ ಮೇಲಿನ ಹಿಂಡಿಯೆಲ್ಲ ಹೆಂಟೆಗಟ್ಟಿ, ಹಸಿರು ಹಳದಿಯಾಗಿ ಬೂಷ್ಟು ಹಿಡಿದಿತ್ತು. ಅಕ್ಕ ಹಿಂದೆಯೇ ಬಂದು ನಿಂತಿದ್ದಳು. ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇದರ ಘಾಟೇ ಒಂಥರಾ ಐತೆ ಕಣೋ. ಎರಡು ದಿನ ಹಾಕ್ದೆ, ಅವೂ ಸರಿಯಾಗಿ ತಿನ್ಲಿಲ್ಲ. ಬ್ಯಾಡ ಬಿಡು ಇದು," ಎಂದಳು.

"ಬೂಷ್ಟು ಹಿಡಿದ್ರೆ ಏನಾಯ್ತು? ನಮ್ಮನೇಲಿ ಕೊಬ್ಬರಿಗೆ ಬೂಷ್ಟು ಹಿಡಿಯಲ್ವಾ? ಒರೆಸಿ ಬಿಸಿಲಿಗೆ ಹಾಕಿ ಗಾಣಕ್ಕೆ ಕಳಿಸಲ್ವಾ? ಅದೇ ಎಣ್ಣೆ ತಲೆಗೆ ಹಚ್ಕಂಡೇ ಅಲ್ವಾ ನಾವಿಬ್ರೂ ಬೆಳೆದದ್ದು?"

ಇದು ಕೊಬ್ಬರಿ ಮನೆಯವರ ತಪ್ಪು. ಭತ್ತದ ಸೀಮೆಯವನೋ ಕುರಿ ಕಾಯುವವನೋ ಆಗಿದ್ದರೆ ಆ ಹಿಂಡಿಯನ್ನು ಮೂಸಿದ ಕೂಡಲೇ ತಿಪ್ಪೆಗೆ ಎಸೆಯುತ್ತಿದ್ದ. ನಮಗೆ ಚಿಕ್ಕಂದಿನಿಂದಲೂ ಬೂಷ್ಟು ಎಂದರೆ ಮಳೆಗಾಲದಲ್ಲಿ ಬಂದು ಬಿಸಿಲಿಗೆ ಹೋಗುವ ವಸ್ತು, ಅದಕ್ಕೆ ಯಾರೂ ಹೆದರುತ್ತಿರಲಿಲ್ಲ. ನಾನು ಓದಿದ್ದೆಲ್ಲ ಆ ಹೊತ್ತಿಗೆ ಎಲ್ಲಿ ಹೋಗಿತ್ತೋ. ಏರಿಯ ಮೇಲೆ ಗೋಣಿಚೀಲ ಹಾಸಿ, ಹೆಂಟೆಗಳನ್ನು ಕಲ್ಲಿನಿಂದ ಕುಟ್ಟಿ ಪುಡಿಮಾಡಿ, ಎರಡು ದಿನ ಬಿಸಿಲಿಗೆ ಹಾಕಿದೆ. ಬೂಷ್ಟು ಉದುರಿತು, ಬಣ್ಣ ತಿಳಿಯಾಯಿತು. "ನೋಡು, ಎಲ್ಲಿದೆ ನಿನ್ ಘಾಟು?" ಎಂದು ಬೊಗಸೆಯಲ್ಲಿ ಹಿಡಿದು ಅವಳ ಮುಖಕ್ಕೆ ತೋರಿಸಿದೆ. ಅವಳು ಮೂಸಲಿಲ್ಲ. ನನ್ನ ಮುಖ ನೋಡಿ, ಸರಿ ಎನ್ನುವಂತೆ ತಲೆಯಾಡಿಸಿದಳು.

ಮೂರನೆಯ ದಿನ ತೌಡು, ಹಿಂಡಿ ಕಲಸಿ, ವಿಟಮಿನ್ ಪುಡಿ ಎಷ್ಟು, ಈಸ್ಟು ಎಷ್ಟು ಎಂದು ಲೋಟದಲ್ಲಿ ಅಳೆದು ತೋರಿಸಿದೆ. ಈಸ್ಟನ್ನು ಬೆಚ್ಚಗಿನ ಬೆಲ್ಲದ ನೀರಿಗೆ ಹಾಕಿದಾಗ ನೊರೆಯುಕ್ಕಿ ಹುಳಿ ವಾಸನೆ ಹರಡಿತು. ಆ ಹುಳಿ ವಾಸನೆಯಲ್ಲಿ ಉಳಿದಿದ್ದ ಘಾಟೂ ಮುಚ್ಚಿಹೋಯಿತು. ಮೈದುನ ತೋಟದಲ್ಲಿ ನಿಂತು ನೋಡುತ್ತಿದ್ದವನು, "ಏನಪ್ಪಾ, ಹೊಳೇಲಿ ಹುಣಸೆಹಣ್ಣು ತೊಳೆಯೋ ಹಂಗಾಗದಿದ್ರೆ ಸರಿ," ಎಂದ. ಜಾಮೀನು ನಿಂತವನ ಗತ್ತಿನಲ್ಲಿ ನಾನು, "ಬ್ಯಾಸಿಗೆ ಬರ್ಲಿ ಭಾವ, ಬಲೆ ಎಳೆಯೋಕೆ ನೀವೇ ಬನ್ನಿ," ಎಂದು ಉತ್ತರ ಕೊಟ್ಟೆ. ಹೊರಡುವಾಗ ಅಕ್ಕನಿಗೆ ಮತ್ತೊಮ್ಮೆ ಹೇಳಿದೆ. "ಹದಿನೈದು ದಿನ ತಪ್ಪಿಸದೆ ಹಾಕು. ನಂಜು ಗಿಂಜು ಅಂತ ನಿಲ್ಲಿಸಿದೀಯೋ, ಇನ್ನು ನಾನು ಈ ಹೊಸಿಲು ತುಳಿಯಲ್ಲ ನೋಡು."

ಆ ಮಾತು ಆಡಬಾರದಿತ್ತು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಅವಳಿಗೆ ತವರು ಎಂದು ಉಳಿದಿದ್ದವನು ನಾನೊಬ್ಬ.

ಹತ್ತು ಹನ್ನೆರಡು ದಿನವಾಗಿರಬೇಕು, ತರೀಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಅಜ್ಜಂಪುರದ ಬಸ್ಸಿನ ಕಂಡಕ್ಟರು ನನ್ನನ್ನು ಕಂಡು ಕೂಗಿ ಕರೆದ. "ಸಾರ್, ನಿಮ್ಮಕ್ಕ ಬರಕ್ಕೇಳವ್ರೆ. ಮೀನೆಲ್ಲ ಹೋಯ್ತು ಅಂತ ಹೇಳು ಅಂದ್ರು." ಅದೇ ಬಸ್ಸು ಹತ್ತಿದೆ.

ಏರಿ ಹತ್ತುವ ಮುಂಚೆಯೇ ವಾಸನೆ ಬಂತು. ನೀರಿನ ಮೇಲೆಲ್ಲ ಬಿಳಿ ಹೊಟ್ಟೆಗಳು. ಹುಣ್ಣಿದ್ದ ಗೆಂಡೆಗಳಷ್ಟೇ ಅಲ್ಲ, ಮೊದಲು ಏನೂ ಆಗದಿದ್ದ ಕಾಟ್ಲಗಳೂ ಮಗುಚಿ ಬಿದ್ದಿದ್ದವು. ಅಕ್ಕ ಮಂಡಿಯವರೆಗೆ ಸೀರೆ ಎತ್ತಿ ಕಟ್ಟಿಕೊಂಡು ನೀರಿನಲ್ಲಿ ನಿಂತು ಒಂದೊಂದನ್ನೇ ಮೊರಕ್ಕೆ ಎತ್ತಿ ಹಾಕುತ್ತಿದ್ದಳು. ಉಂಡೆ ಇಳಿಬಿಡುತ್ತಿದ್ದ ಮೊರವೇ ಅದು.

"ದಿನಾ ಹಾಕ್ದೆ ಕಣೋ," ಎಂದಳು ನನ್ನನ್ನು ಕಂಡ ಕೂಡಲೇ. "ಒಂದಿನಾನೂ ತಪ್ಪಿಸಲಿಲ್ಲ. ನಾಕು ದಿನ ಆದ್ಮೇಲೆ ತೇಲಕ್ಕೆ ಶುರುವಾಯ್ತು. ರೋಗ ಬಂದಾಗಲೇ ಕಸುವು ಬೇಕು ಅಂದಿದ್ಯಲ್ಲ, ಅದಕ್ಕೇ ಎರಡು ಹೊತ್ತು ಹಾಕ್ದೆ. ತಿನ್ನದೆ ಉಳಿದಿದ್ದೆಲ್ಲ ಕೊಳ್ತು ನೀರೂ ಕೆಟ್ಹೋಯ್ತು."

ಒಂದು ಮೀನನ್ನು ಅಲ್ಲೇ ಕಲ್ಲಿನ ಮೇಲಿಟ್ಟು ಕುಡಗೋಲಿನಿಂದ ಸೀಳಿ ನೋಡಿದೆ. ಈಲಿ, ಅದೇ ಲಿವರ್ರು, ಕೆಂಪಗೆ ಇರಬೇಕಾದದ್ದು ಬಿಳಿಚಿ, ಹಳದಿಗೆ ತಿರುಗಿ, ಬೆರಳು ಮುಟ್ಟಿಸಿದರೆ ಕಲಸಿಹೋಗುತ್ತಿತ್ತು. ಭಾವನ ಕೊನೆಯ ದಿನಗಳ ಕಣ್ಣಿನ ಬಣ್ಣ ನೆನಪಾಗಿ ನಾನು ಅದನ್ನು ಥಟ್ಟನೆ ಮುಚ್ಚಿಬಿಟ್ಟೆ. ಅಕ್ಕ ನೋಡಿದಳೋ ಇಲ್ಲವೋ ಗೊತ್ತಾಗಲಿಲ್ಲ.

ನಾಲ್ಕು ದಿನ ಅಲ್ಲೇ ಉಳಿದೆ. ಗುಂಡಿಗೆ ಸುಣ್ಣ ಹಾಕಿದೆ, ಕಾಲುವೆ ತೆಗೆದು ಹೊಸ ನೀರು ಬಿಟ್ಟೆ, ಹಿಂಡಿ ನಿಲ್ಲಿಸಿದೆ. ಯಾವುದೂ ನಾಟಲಿಲ್ಲ. ದಿನಾ ಬೆಳಗ್ಗೆ ತೆಂಗಿನ ಮರಗಳ ಬುಡದಲ್ಲಿ ಗುಳಿ ತೋಡುವುದು, ಮೀನು ಸುರಿಯುವುದು, ಮಣ್ಣೆಳೆಯುವುದು. ಕೊನೆಯ ದಿನ ಅಕ್ಕ ಕಲ್ಲಿನ ಮೇಲೆ ಲೋಟದಿಂದ ಮೂರು ಸಲ ಬಡಿದಳು. ಸ್ವಲ್ಪ ಹೊತ್ತು ಕಾದಳು. ಏನೂ ಏಳಲಿಲ್ಲ. ಲೋಟ ತೊಳೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ನಡೆದಳು.

ಮೈದುನ ಒಂದು ಕೊಂಕು ಮಾತೂ ಆಡಲಿಲ್ಲ. ಆಡಿದ್ದರೆ ಜಗಳವಾದರೂ ಆಡಬಹುದಿತ್ತು. ಬೇಸಿಗೆಯಲ್ಲಿ ಕೆರೆಯ ಗೋಡು ಹೊಡೆಸಿ ಗುಂಡಿ ಮುಚ್ಚಿಸಿದ, ಮಳೆ ಬಿದ್ದ ಮೇಲೆ ತೆಂಗಿನ ಸಸಿ ಇಟ್ಟ. ಮಾತು ಮಾತೇ. ಅಕ್ಕ ತನ್ನ ಒಲೆಯನ್ನು ಕೊನೆಯ ಸಲ ಸಗಣಿ ಹಾಕಿ ಸಾರಿಸಿ, ಎಳೆ ರಂಗೋಲಿ ಬಿಟ್ಟು, ಪಾತ್ರೆಗಳನ್ನು ಎತ್ತಿಕೊಂಡು ದೊಡ್ಡ ಮನೆಯ ಅಡುಗೆಮನೆಗೆ ಹೋದಳಂತೆ. ನಾನು ಆ ದಿನ ಅಲ್ಲಿರಲಿಲ್ಲ. ಇರಬಹುದಿತ್ತು, ಬಸ್ಸೂ ಇತ್ತು, ರಜೆಯೂ ಇತ್ತು. ಹೋಗುವ ಧೈರ್ಯ ಇರಲಿಲ್ಲ.

ಮುಂದಿನ ವರ್ಷ ತರಬೇತಿಗೆ ಹೋದಾಗ ಅದೇ ಮೇಷ್ಟ್ರಿಗೆ ಯಾರೋ ರೈತನ ಹೊಂಡ ಎಂದು ಸುಳ್ಳು ಹೇಳಿ ಎಲ್ಲ ವಿವರಿಸಿದೆ. ಅವರು ಕೇಳಿದ ಮೊದಲ ಪ್ರಶ್ನೆಯೇ ಅದು. "ಹಿಂಡಿ ಬೂಷ್ಟು ಹಿಡಿದಿತ್ತೇನ್ರೀ? ಕಡಲೆಕಾಯಿ ಹಿಂಡಿಗೆ ಬೂಷ್ಟು ಹಿಡಿದ್ರೆ ಅದರಲ್ಲಿ ವಿಷ ಇರುತ್ತೆ, ಈಲಿಗೇ ಹೋಗಿ ಕೂರುತ್ತೆ. ಎಷ್ಟು ಬಿಸಿಲಿಗೆ ಹಾಕಿದ್ರೂ ಹೋಗಲ್ಲ. ಮೈಯಲ್ಲಿರೋ ತಾಕತ್ತನ್ನೂ ತಿಂದುಬಿಡುತ್ತೆ. ಅಂಥದ್ರ ಜೊತೆ ಯಾವ ವಿಟಮಿನ್ ಕೊಟ್ರೂ ದಂಡ." ನಾನು ತಡವರಿಸದೆ, "ಇಲ್ಲ ಸಾರ್, ಹಿಂಡಿ ಚೆನ್ನಾಗಿತ್ತು," ಎಂದೆ. ಅವರು, ಹಾಗಾದರೆ ಬೇರೆ ಏನೋ ಇರಬೇಕು ಎಂದು ಸುಮ್ಮನಾದರು. ಆ ಸುಳ್ಳು ಯಾಕೆ ಹೇಳಿದೆನೋ ಇವತ್ತಿಗೂ ತಿಳಿಯದು. ಅಲ್ಲಿ ನನ್ನನ್ನು ಕೇಳುವವರು ಯಾರೂ ಇರಲಿಲ್ಲ.

ಅಕ್ಕನಿಗೂ ಹೇಳಲಿಲ್ಲ. ಚಳಿಗೆ ಬಂದ ರೋಗ, ಎಲ್ಲ ಕಡೆ ಹೀಗೇ ಆಗಿದೆ ಎಂದು ಹೇಳಿಬಿಟ್ಟಿದ್ದೆ. ಅವಳು ಹೂಂ ಎಂದಿದ್ದಳು. ಹಬ್ಬಕ್ಕೆ ಹೋಗುವುದು ಕಡಿಮೆಯಾಯಿತು. ಹೋದರೂ ಜಗಲಿಯಲ್ಲಿ ಕೂತು ಬರುತ್ತಿದ್ದೆ, ಹಿತ್ತಲಿನ ಕಡೆ ಹೋಗುತ್ತಿರಲಿಲ್ಲ. ಕೆಲಸದಲ್ಲೂ ನನ್ನ ಬಾಯಿ ತಗ್ಗಿತು. ಯಾವ ಹೆಂಗಸಾದರೂ ಮೀನಿಗೆ ಅರಿಶಿನ ಹಾಕಿದೆ ಎಂದರೆ, ಹಾಕಿ ತಾಯಿ, ಆದರೆ ಹಿಂಡಿ ಮೂಸಿ ನೋಡಿ ಹಾಕಿ ಎನ್ನುತ್ತಿದ್ದೆ. ಸಾಹೇಬ್ರು ಮೆತ್ತಗಾಗವ್ರೆ, ಮದುವೆಯಾದ ಮೇಲೆ ಎಂದು ಜನ ನಗುತ್ತಿದ್ದರು.

ಎಂಬತ್ತರ ದಶಕದ ಕೊನೆಯಲ್ಲಿ ನನಗೆ ಬೇರೆ ಕಡೆಗೆ ವರ್ಗವಾಯಿತು. ಹೋಗುವ ಮುಂಚೆ ಹೇಳಿಬರೋಣವೆಂದು ಅಕ್ಕನ ಊರಿಗೆ ಹೋದೆ. ಆಗ ನನ್ನ ಕಾಲಿನಲ್ಲಿ ಒಂದು ಹುಣ್ಣಾಗಿತ್ತು, ಚಪ್ಪಲಿ ಕಚ್ಚಿ ಆದದ್ದು, ವಾಸಿಯಾಗದೆ ಸತಾಯಿಸುತ್ತಿತ್ತು. ಬಟ್ಟೆ ಸುತ್ತಿಕೊಂಡು ಕುಂಟುತ್ತ ಬಂದದ್ದನ್ನು ಅಕ್ಕ ಬಾಗಿಲಿನಿಂದಲೇ ನೋಡಿದಳು. ಕೂದಲೆಲ್ಲ ಬೆಳ್ಳಗಾಗಿತ್ತು. ಗುಂಡಿಯಿದ್ದ ಕಡೆ ತೆಂಗಿನ ಗಿಡಗಳು ನನ್ನ ಎತ್ತರ ಮೀರಿ ಬೆಳೆದಿದ್ದವು.

ಮಧ್ಯಾಹ್ನ ದೊಡ್ಡ ಮನೆಯ ನಡುಮನೆಯಲ್ಲಿ ನನ್ನೊಬ್ಬನಿಗೆ ಎಲೆ ಹಾಕಿದರು. ಮೈದುನ ಸಂತೆಗೆ ಹೋಗಿದ್ದ. ಅವನ ಹೆಂಡತಿ ಮುದ್ದೆ, ಸಾರು, ಕಡಲೆಕಾಯಿ ಚಟ್ನಿ ಬಡಿಸಿ ಒಳಗೆ ಹೋದಳು. ಅಕ್ಕ ಬಂದು ನನ್ನೆದುರು ಕೂತಳು. ಕಾಲಿನ ಬಟ್ಟೆಯನ್ನು ನೋಡಿದಳು, ಎಲೆಯನ್ನು ನೋಡಿದಳು. ಕೈಚಾಚಿ ಎಲೆಯ ತುದಿಯಲ್ಲಿದ್ದ ಚಟ್ನಿಯನ್ನಷ್ಟೂ ಬಳಿದು ತೆಗೆದು ಪಕ್ಕದ ಬಟ್ಟಲಿಗೆ ಹಾಕಿದಳು.

"ಹುಣ್ಣಿಟ್ಕಂಡು ಇದನ್ನ ತಿನ್ಬ್ಯಾಡ. ನಂಜು."

ಮುರಿದ ತುತ್ತನ್ನು ಎಲೆಯಲ್ಲೇ ಇಟ್ಟೆ. ಎಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ತಾನಾಗೇ ಬಾಯಿಗೆ ಬಂತು. "ಅಕ್ಕಾ, ಮೀನು ಸತ್ತದ್ದು ರೋಗದಿಂದ ಅಲ್ಲ. ನಾನು ಬಿಸಿಲಿಗೆ ಹಾಕಿದೆನಲ್ಲ, ಆ ಹಿಂಡಿಯಿಂದ. ಅದರಲ್ಲಿ ವಿಷ ಇತ್ತು. ನೀನು ಮಾಡ್ತಿದ್ದದ್ದೇ ಸರಿಯಿತ್ತು."

ಅವಳು ಬೆಚ್ಚಲಿಲ್ಲ. ಬಟ್ಟಲಿನ ಅಂಚಿಗೆ ಬೆರಳು ಒರೆಸಿಕೊಂಡಳು.

"ಗೊತ್ತು ಕಣೋ. ಮೂಗಿಲ್ವಾ ನಂಗೆ? ಬಿಸಿಲಿಗೆ ಹಾಕಿದ್ಮೇಲೂ ಘಾಟು ಹಂಗೇ ಇತ್ತು."

"ಗೊತ್ತಿದ್ದೂ ಯಾಕೆ ಹಾಕ್ದೆ ಮತ್ತೆ?"

"ಹಾಕ್ದಿದ್ರೆ ಬರಲ್ಲ ಅಂದ್ಯಲ್ಲ," ಎಂದಳು. "ಅಷ್ಟು ಜನದ ಎದುರಿಗೆ ಎದ್ದು ನಿಂತು, ನಾನು ಜಾಮೀನು ಅಂದೋನು ನೀನೊಬ್ನೇ. ನಿನ್ನ ಮಾತು ಮೀರಿ, ನಿನ್ನ ಕಳ್ಕಂಡು, ಗುಂಡಿ ಉಳ್ಸ್ಕಂಡು ನಾನೇನ್ ಮಾಡ್ಲಿ? ಉಣ್ಣು, ಸಾರು ಆರ್ತದೆ."

ಅಷ್ಟರಲ್ಲಿ ಒಳಗಿನಿಂದ ಮೈದುನನ ಹೆಂಡತಿಯ ದನಿ ಬಂತು. "ಅಕ್ಕಾ, ಮಾತಾಡ್ಕಂಡು ಕೂತ್ರೆ ಹೆಂಗೆ? ಒಲೆ ಉರಿ ಕಡಿಮೆಯಾಯ್ತು ನೋಡಿ."

"ಬಂದೆ ಕಣವ್ವ," ಎಂದು ಅಕ್ಕ ನೆಲಕ್ಕೆ ಕೈಯೂರಿ ಎದ್ದು ಒಳಗೆ ಹೋದಳು. ಅವಳು ಊದುಕೊಳವೆಯಿಂದ ಒಲೆ ಊದುವ ಸದ್ದು ನನಗೆ ಕೇಳುತ್ತಿತ್ತು.